ಬೆಂಕಿ ಹಚ್ಚಿ ಉಳಿಸಿದ ಹಸಿರು

ಪುಣೆಗೆ ಬಂದು ಮೂವತ್ತು ವರ್ಷವಾಯ್ತು. ಸಹ್ಯಾದ್ರಿ ಸುತ್ತುವ ನಮ್ಮ ಗುಂಪಿನಲ್ಲಿ ಒಂದು ಮಾತು ಖಾಯಂ: "ಮನುಷ್ಯರನ್ನು ಹೊರಗಿಟ್ಟರೆ ನಿಸರ್ಗ ತಾನೇ ಉಳಿಯುತ್ತೆ." ನಾನೂ ತಲೆಯಾಡಿಸುತ್ತಿದ್ದೆ, ಜಪಾನಿನ ಅಕಿಯೋಶಿದಾಯ್ ನೋಡುವವರೆಗೆ.

ಯಾಮಾಗುಚಿ ಪ್ರಾಂತ್ಯದ ಈ ಸುಣ್ಣಕಲ್ಲಿನ ಪ್ರಸ್ಥಭೂಮಿ ಹುಟ್ಟಿದ್ದು ಸುಮಾರು 30 ಕೋಟಿ ವರ್ಷಗಳ ಹಿಂದಿನ ಹವಳದ ದಿಬ್ಬದಿಂದ. ಹುಲ್ಲಿನ ನಡುವೆ ಬಿಳಿ ಬಂಡೆಗಳು, ದೂರದಿಂದ ಥೇಟ್ ಕುರಿಮಂದೆ! ಅಡಿಯಲ್ಲಿ ನೀರು ಕೊರೆದ ದೊಡ್ಡ ಗುಹೆ. ಆದರೆ ಆ ಹುಲ್ಲುಗಾವಲು ತಾನಾಗಿ ಉಳಿದದ್ದಲ್ಲ ಸ್ವಾಮಿ. ಪ್ರತಿವರ್ಷ ಚಳಿಗಾಲದ ಕೊನೆಗೆ ಊರವರು ಬೆಂಕಿ ಹಚ್ಚುತ್ತಾರೆ. ಹಚ್ಚದಿದ್ದರೆ ಮೊದಲು ಪೊದೆ, ಆಮೇಲೆ ಕಾಡು, ಬಂಡೆಗಳೇ ಕಾಣವು.

ಕ್ಯೂಶೂ ದ್ವೀಪದ ಆಸೋ ಜ್ವಾಲಾಮುಖಿಯದೂ ಇದೇ ಕಥೆ. ಉತ್ತರ-ದಕ್ಷಿಣ 25 ಕಿ.ಮೀ. ಇರುವ ಆ ಬಾಣಲೆಯೊಳಗೆ ಗದ್ದೆ, ಊರು, ರೈಲು ಎಲ್ಲಾ ಇವೆ. 1934ರಿಂದ ರಾಷ್ಟ್ರೀಯ ಉದ್ಯಾನ, ಆದರೂ ದನಗಳು ಆರಾಮಾಗಿ ಮೇಯುತ್ತಿರುತ್ತವೆ. (ಗಂಧಕದ ಹೊಗೆ ಜಾಸ್ತಿ ಅಂತ ನಾಕಾದಾಕೆಯ ಬಾಯಿಯ ಹತ್ತಿರ ನಮ್ಮನ್ನು ಬಿಡಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಸಿಡಿದ ಬೆಟ್ಟ, ಜಗಳವಾಡಲಿಲ್ಲ.)

ಆಸೋದಲ್ಲಿ ಬೆಂಕಿ ಹಚ್ಚುವ ಕೈಗಳಿಗೆ ಈಗ ವಯಸ್ಸಾಗಿದೆ. ದನ ಸಾಕುವವರೂ ಕಡಿಮೆ. ಹೊರಗಿನಿಂದ ಸ್ವಯಂಸೇವಕರು ಬಂದು ಕೈಜೋಡಿಸುತ್ತಾರೆ. ಅಕಿಯೋಶಿದಾಯ್‌ನಲ್ಲಿ ಗುಹೆಗೆ ಟಿಕೆಟ್ ಕೊಂಡೆವು, ಮೇಲಿನ ಹುಲ್ಲನ್ನು ಪುಕ್ಕಟೆ ನೋಡಿದೆವು. ಬೆಂಕಿ ಹಚ್ಚುವವರಿಗೂ ನಮ್ಮಂಥವರ ದುಡ್ಡಿನಲ್ಲಿ ಪಾಲು ಸಿಗಬೇಕು ಅನ್ನೋದು ನನ್ನ ವಾದ. ಗುಂಪಿನವರು ಇನ್ನೂ ಒಪ್ಪಿಲ್ಲ, ನೀವೇನಂತೀರಿ?