ಒಳಗಾಯ ಮಾಗಲಿ, ಆಮೇಲೆ ಸ್ಕೂಟರ್
ಬೆಂಗಳೂರಿನ ಶ್ರೀರಾಂಪುರದ ಇಕ್ಕಟ್ಟಿನ ರಸ್ತೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಸ್ಕೂಟರೇ ಕೈಕಾಲು. ಆದರೂ ಸಿಸೇರಿಯನ್ ಆದ ಬಾಣಂತಿ ಗಾಡಿ ಹತ್ತಲು ಅವಸರಪಡಬಾರದು. ಚರ್ಮದ ಹೊಲಿಗೆ ಬೇಗ ಮಾಯ್ದರೂ ಒಳಗಿನ ಪದರಗಳು ಗಟ್ಟಿಯಾಗಲು ಸಾಮಾನ್ಯವಾಗಿ 6 ವಾರವಾದರೂ ಬೇಕು. ಥಟ್ಟನೆ ಬ್ರೇಕ್ ಹಿಡಿಯುವಾಗ, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಎಳೆಯುವಾಗ, ಹಂಪ್ ದಾಟುವಾಗ ಹೊಟ್ಟೆಯ ಸ್ನಾಯುಗಳಿಗೇ ಪೆಟ್ಟು. ನೋವಿಗೆ ಅಳುಕಿ ಅರೆಕ್ಷಣ ತಡವಾದರೂ ಅಪಾಯ. ನಿದ್ದೆಗೆಟ್ಟ ಕಣ್ಣು, ಮಂಪರು ತರುವ ಮಾತ್ರೆ ಅದನ್ನು ಹೆಚ್ಚಿಸುತ್ತವೆ. ಕಾರಾದರೂ ಸೀಟ್ ಬೆಲ್ಟ್ ಬಿಡಬೇಡಿ. ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ತಗ್ಗಾಗಿ ಕೂರಲಿ. ಅಲ್ಲಿಯವರೆಗೆ ಓಡಾಟಕ್ಕೆ 2014ರಿಂದ ಇಲ್ಲೇ ಮೆಟ್ರೊ ನಿಲ್ದಾಣವಿದೆ, 2023ರಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಹಾಲು, ತರಕಾರಿ, ಲಸಿಕೆಯ ಓಡಾಟವನ್ನು ಮನೆಯವರು ಹಂಚಿಕೊಳ್ಳಲಿ. ವೈದ್ಯರು ಹೂಂ ಎಂದ ಮೇಲೆಯೇ, ತಾಯಂದಿರೇ, ಕೀಲಿ ಕೈಗೆತ್ತಿಕೊಳ್ಳಿ.