ರಾಂಪುರ ಕೇಳಿದರೆ ಪರಶುರಾಂಪುರ ಬೇಡ

ಮಕ್ಕಳೇ, ನಮ್ಮ ಚಿತ್ರದುರ್ಗ ಜಿಲ್ಲೆ ಒಂದು ಮರವೆನ್ನಿ. 6 ತಾಲ್ಲೂಕುಗಳು ಕೊಂಬೆ, ಹೋಬಳಿಗಳು ರೆಂಬೆ, ಊರುಗಳು ಎಲೆ. ರಾಂಪುರಕ್ಕೆ ಹೋಗಲು ಮೊಳಕಾಲ್ಮುರು, ದೇವಸಮುದ್ರ, ರಾಂಪುರ ಎಂದು ದಾರಿ ಹೇಳಬೇಕು. ಕಂಪ್ಯೂಟರಿನ ಸೆಟ್ಟಿಂಗ್‌ಗಳೂ ಹೀಗೇ ಕವಲೊಡೆದಿರುತ್ತವೆ: ಪರದೆ, ಅಕ್ಷರ, ಗಾತ್ರ. ಪ್ರೋಗ್ರಾಂಗಳು ಅವನ್ನು ಕೇಳಿ ಪಡೆಯುವ ಕೌಂಟರಿಗೆ ಎಪಿಐ ಎಂದು ಹೆಸರು. ಒಳಗೆ ಲೆಡ್ಜರ್ ಹೇಗಿದೆಯೆಂದು ತಿಳಿಯಬೇಕಿಲ್ಲ. ದಾರಿ ಸರಿಯಾಗಿ ಹೇಳಿದರೆ ಸಾಕು.

ಚಳ್ಳಕೆರೆ ಕೊಂಬೆಯಲ್ಲಿ ಯಾರೋ ರಾಂಪುರ ಹೋಬಳಿ ಕೇಳಿದರು ಎನ್ನಿ. ಅಲ್ಲಿರುವುದು ಪರಶುರಾಂಪುರ. 'ಹೆಸರು ಹತ್ತಿರವಿದೆಯಲ್ಲ' ಎಂದು ಅದನ್ನೇ ಕೊಡಬಾರದು, 'ಇಲ್ಲ' ಎನ್ನಬೇಕು. ಹೆಸರು ಹೋಲುತ್ತದೆಂದು ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹಾಕಿದರೂ ಸಂಜೆ ಲೆಕ್ಕ ತಾಳೆಯಾಗುತ್ತದೆ. ಹಣ ಮಾತ್ರ ತಪ್ಪು ಕೈ ಸೇರಿರುತ್ತದೆ!

ಈ ವಾರ ಅಜ್ಜಿಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವ ದಾರಿಯನ್ನು ಬುಡದಿಂದ ಎಲೆಯವರೆಗೆ ಬರೆದುಕೊಡಿ.