ಬೆನ್ನಿನ ಚೀಲದ ಆಯುಸ್ಸು

ಹೇಮಾವತಿಯು ಹುಟ್ಟುವ ಜಾವಳಿಯಿಂದ ಬಲ್ಲಾಳರಾಯನ ದುರ್ಗದ ಹುಲ್ಲುಬೆಟ್ಟಗಳವರೆಗೆ, ರಜೆ ಬಂದೊಡನೆ ಏರಿಬರುವ ತರುಣ ತರುಣಿಯರ ಬೆನ್ನ ಮೇಲಿನ ಚೀಲಗಳನ್ನು ಕಂಡಾಗಲೆಲ್ಲ, ಅವುಗಳ ವರ್ಣಕ್ಕೂ ಹೆಸರಿಗೂ ಸಲ್ಲುತ್ತಿರುವ ಆದರದ ಅಲ್ಪಾಂಶವಾದರೂ ಅವುಗಳ ಆಯುಸ್ಸಿಗೆ ಸಲ್ಲಬಾರದಿತ್ತೆ ಎಂದು ನನಗೆ ವ್ಯಥೆಯಾಗುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಪದರ ಸುಲಿದು, ಪಟ್ಟಿ ಕಿತ್ತು, ಜಿಪ್ಪು ಬಾಯ್ದೆರೆದು ಕಸವಾಗುವ ಚೀಲವನ್ನು ಮಾರುವುದು ಕೊಂಡವನಿಗೂ ಗಿರಿವನಗಳಿಗೂ ಏಕಕಾಲದಲ್ಲಿ ಬಗೆಯುವ ಅನ್ಯಾಯವೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಹಿಮದಲ್ಲಿ ಸಂಚರಿಸುವವರು ಈ ವಿಷಯದಲ್ಲಿ ನಮಗಿಂತ ಜಾಗರೂಕರು. ಗುಲ್ಮಾರ್ಗದ ಇಳಿಜಾರುಗಳಲ್ಲಿ ಸ್ಕೀ ಕಟ್ಟಿಕೊಂಡು ಜನವಸತಿಯಿಂದ ದೂರ ಸಾಗುವವನ ಚೀಲವು, ಹಿಮ ಕುಸಿದು ಸಂಗಾತಿ ಹೂತುಹೋದರೆ ಅವನನ್ನು ಅರಸುವ ಮಡಚುಕೋಲನ್ನೂ ಅಗೆದು ತೆಗೆಯುವ ಸಲಿಕೆಯನ್ನೂ ತತ್‌ಕ್ಷಣ ಕೈಗೆ ನೀಡಬೇಕಾದುದರಿಂದಲೂ, ಸ್ಕೀಯ ಉಕ್ಕಿನ ಅಂಚು ಬಟ್ಟೆಯನ್ನು ಸೀಳಬಹುದಾದುದರಿಂದಲೂ, ಅದರ ಹೊಲಿಗೆಯಲ್ಲಿ ಔದಾಸೀನ್ಯಕ್ಕೆ ಎಡೆಯಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಸ್ಕೀಯಿಂಗಿನಲ್ಲಿ ಭಾರತವನ್ನು ಪ್ರತಿನಿಧಿಸಿದ ಮೇಲೆ ಹಿಮವು ಕನ್ನಡಿಗರಿಗೆ ಪರಕೀಯವೆನ್ನುವಂತೆಯೂ ಇಲ್ಲ. ಆದರೆ ಅಂತಹ ಚೀಲವನ್ನೇ ತಂದು ಆಷಾಢದ ಮಳೆಯಲ್ಲಿ ನಮ್ಮ ಬೆಟ್ಟಕ್ಕೆ ಹೊತ್ತರೆ ಸಾಕೆ ಎಂದರೆ, ಸಾಲದು. ಒಣಹಿಮವು ಕೊಡವಿದರೆ ಉದುರುತ್ತದೆ. ಮಲೆನಾಡಿನ ತೇವವು ತಿಂಗಳುಗಟ್ಟಲೆ ಮನೆಯೊಳಗೂ ನಿಂತಿರುತ್ತದೆ.

ಬಟ್ಟೆಯ ನೂಲಿನ ದಪ್ಪವನ್ನು ಡೆನಿಯರ್ ಎಂಬ ಮಾನದಿಂದ ಹೇಳುವರು: 9000 ಮೀಟರ್ ನೂಲು 500 ಗ್ರಾಂ ತೂಗಿದರೆ ಅದು 500 ಡೆನಿಯರ್. ಈ ಅಂಕೆ ಎಷ್ಟೇ ಹಿರಿದಾಗಿರಲಿ, ನೀರನ್ನು ತಡೆಯಲೆಂದು ಒಳಮೈಗೆ ಬಳಿದ ಪಾಲಿಯುರಿಥೇನ್ ಲೇಪವು, ಅದರಲ್ಲಿಯೂ ಅಗ್ಗದ ಬಗೆಯದು, ಆರ್ದ್ರವಾದ ಹವೆಯಲ್ಲಿ ನೀರಿನಂಶದೊಡನೆ ಬೆರೆತು ರಾಸಾಯನಿಕವಾಗಿ ವಿಘಟನೆಗೊಂಡು, ಮೊದಲು ಅಂಟಂಟಾಗಿ, ಬಳಿಕ ಚಕ್ಕೆಚಕ್ಕೆಯಾಗಿ ಏಳುವುದು ತಪ್ಪದು. ಅಟ್ಟದ ಮೇಲೆ ಸುತ್ತಿಟ್ಟ ಚೀಲವು ಬೆಟ್ಟವನ್ನೇ ಹತ್ತದೆ ಮುದಿಯಾಗುವುದು ಹೀಗೆಯೇ. ಒದ್ದೆಯಾದ ಕಂಬಳಿಕೊಪ್ಪೆಯನ್ನು ಒಲೆಯ ಬಳಿ ಹರವಿ ಒಣಗಿಸದೆ ಎತ್ತಿಡುತ್ತಿರಲಿಲ್ಲವಷ್ಟೆ ನಮ್ಮ ಹಿರಿಯರು. ನೈಲಾನು ಉರಿಯ ಸಮೀಪಕ್ಕೆ ಸಲ್ಲದೆಂಬುದೊಂದನ್ನು ನೆನಪಿನಲ್ಲಿಟ್ಟು ಆ ಶಿಸ್ತನ್ನು ಚೀಲಕ್ಕೂ ಸಲ್ಲಿಸತಕ್ಕದ್ದು.

ಆದರೂ ಕೊಂಡವನ ಎಚ್ಚರವೊಂದರಿಂದಲೇ ಆಗತಕ್ಕ ಕಾರ್ಯವಲ್ಲ ಇದು. ಸೊಂಟದ ಪಟ್ಟಿಯ ಬಕಲು ಮುರಿದರೆ, ಭಾರವೆಲ್ಲ ಹೆಗಲಿಗೆ ಬಿದ್ದು ನಡಿಗೆಯೇ ದುಸ್ತರವಾಗುವುದು. ಅದನ್ನು ಬದಲಿಸೋಣವೆಂದರೆ ಎಷ್ಟೋ ಚೀಲಗಳಲ್ಲಿ ಅದು ಹೊಲಿಗೆಯೊಳಗೇ ಬಂಧಿತವಾಗಿರುತ್ತದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯನ್ನು ರಚಿಸಿದಾಗ, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ಸಾಧನ, ವಾಹನ ಇವು ಮೊದಲ ಪರಿಶೀಲನೆಗೆ ಬಂದುವು. ಚೀಲ, ಪಾದರಕ್ಷೆ, ಮಳೆಯಂಗಿಗಳೂ ಆ ಸಾಲಿಗೆ ಸೇರಬೇಕು. ಹೊಲಿಗೆ ಬಿಚ್ಚದೆ ಬದಲಿಸಬಹುದಾದ ಬಕಲನ್ನೂ, ಬಿಡಿಯಾಗಿ ದೊರೆಯುವ ಜಿಪ್ಪಿನ ರನ್ನರನ್ನೂ, ಒಳಲೇಪವು ಯಾವ ಬಗೆಯದೆಂಬ ಸ್ಪಷ್ಟವಾದ ಮುದ್ರಿತ ಒಕ್ಕಣೆಯನ್ನೂ ಒದಗಿಸುವುದು ತಯಾರಕರಿಗೆ ಅಸಾಧ್ಯವೇನಲ್ಲ. ವೈಲ್ಡ್‌ಕ್ರಾಫ್ಟ್‌ನಂತಹ ಚೀಲ ತಯಾರಕರು ನಮ್ಮ ಬೆಂಗಳೂರಿನಲ್ಲಿಯೇ ನೆಲೆಸಿರುವಾಗ, ಮೂಡಿಗೆರೆಯ ದರ್ಜಿಯೂ ಕಳಸದ ಪೇಟೆಯಲ್ಲಿ ಚಪ್ಪಲಿ ಹೊಲಿಯುವವನೂ ತಮ್ಮ ಸೂಜಿಯಿಂದಲೇ ಸರಿಪಡಿಸಬಲ್ಲಂತಹ ಚೀಲವನ್ನು ಮಲೆನಾಡಿನ ಅಂಗಡಿಗಳಿಗೆ ಕಳುಹಿಸಿರೆಂದು ಅವರನ್ನು ಕೇಳುವ ಅಧಿಕಾರ ನಮಗಿದೆ.